ಗೋಲ್‌ಕೀಪರ್ ತಲೆ ಕಾಯುವ ಕೆಲಸ

ನಾನು ಹುಟ್ಟಾ ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ನಾನು ಮಾಡಿದ್ದಕ್ಕೂ ಮಾಡದೆ ಬಿಟ್ಟದ್ದಕ್ಕೂ ಅದೇ ಕಾರಣ. ಹುಬ್ಬಳ್ಳಿಯಲ್ಲಿ ಫಿಸಿಯೋಥೆರಪಿ ಓದಿ, ಮೆಲ್ಬರ್ನ್‌ಗೆ ಬಂದು ಇನ್ನೊಂದು ಡಿಗ್ರಿ ಮಾಡಿ, ಇಲ್ಲೇ ನೆಲೆಸಲು ಪಿಆರ್ ಸಿಕ್ಕಿ, ಕ್ರೇಗಿಬರ್ನ್‌ನಲ್ಲಿ ಮನೆ ಮಾಡಿದ ಮೇಲೂ ರಸ್ತೆ ದಾಟುವಾಗ ಗಂಡನ ಅಂಗಿ ಹಿಡಿದುಕೊಳ್ಳುವವಳು ನಾನು. ಅಂಥವಳಿಗೆ ಸಿಕ್ಕ ಕೆಲಸ ನೋಡಿ: ವೃತ್ತಿಪರ ಫುಟ್‌ಬಾಲ್ ಕ್ಲಬ್ಬೊಂದರ ಫಿಸಿಯೋ. ಪಂದ್ಯದ ದಿನ ಬೆಂಚಿನ ತುದಿಯಲ್ಲಿ, ತೊಡೆಯ ಮೇಲೆ ಚೀಲ ಇಟ್ಟುಕೊಂಡು, ಯಾರು ಬೀಳುತ್ತಾರೋ ಎಂದು ಕಾಯುತ್ತ ಕೂರುವುದು.

"ಅಂಜಿಬುರುಕಿಗೆ ಅಂಜಸೂ ನೌಕರೀನ ಸಿಗಬೇಕಿತ್ತೇನು?" ಎಂದು ನಮ್ಮನೆಯವರು ನಗುತ್ತಿದ್ದರು. ನಗಲಿ. ಹೆದರುವವರೇ ಈ ಕೆಲಸಕ್ಕೆ ಸರಿ ಎಂದು ನಾನು ನಂಬಿದ್ದೆ. ಧೈರ್ಯವಂತರು ಚೆಂಡು ನೋಡುತ್ತಾ ಮೈಮರೆಯುತ್ತಾರೆ. ನಾನು ಮೂರು ಸೀಸನ್ ಬೆಂಚಿನ ಮೇಲೆ ಕೂತರೂ ಒಂದು ಗೋಲನ್ನೂ ಸರಿಯಾಗಿ ನೋಡಿದವಳಲ್ಲ. ನಾನು ನೋಡುತ್ತಿದ್ದದ್ದು ಗೋಲ್‌ಕೀಪರ್‌ನ ತಲೆಯನ್ನು. ಉಳಿದ ಹತ್ತು ಜನ ಕಾಲಿನಿಂದ ಆಡುತ್ತಾರೆ. ಅವನೊಬ್ಬ ಮಾತ್ರ ಓಡಿ ಬರುವವರ ಕಾಲ ಬುಡಕ್ಕೆ ತಲೆ ಕೊಡುತ್ತಾನೆ.

ನಮ್ಮ ಕೀಪರ್ ವೇಲ್ಸ್ ದೇಶದವನು. ಮೂವತ್ತೇಳು ವರ್ಷ, ಬಾಗಿಲಲ್ಲಿ ಬಗ್ಗಿ ಬರಬೇಕಾದಷ್ಟು ಎತ್ತರ. ಅವನ ವೃತ್ತಿಜೀವನವನ್ನು ನಾನು ಓದಿದ್ದು ಪತ್ರಿಕೆಯಲ್ಲಲ್ಲ, ಅವನ ಮೈಮೇಲೆ. ಎಡಗೈಯ ಉಂಗುರ ಬೆರಳು ಸೊಟ್ಟ, ಅದು ಇಂಗ್ಲೆಂಡಿನ ಯಾವುದೋ ಸಣ್ಣ ಊರಿನ ಕ್ಲಬ್ಬಿನದು. ಬಲಭುಜದಲ್ಲಿ ಸ್ಕ್ರೂ, ಅದು ಅದಕ್ಕಿಂತ ಸಣ್ಣ ಊರಿನದು. ಮೂಗು ಎರಡು ಸಲ ಮುರಿದಿತ್ತು, ಎರಡೂ ಸಿಡ್ನಿಯವು. ಹದಿನಾರಕ್ಕೆ ಕ್ಲಬ್ ಸೇರಿದವನು ಮೂವತ್ತರವರೆಗೂ ಎರಡನೇ ಕೀಪರ್ ಆಗಿ ಬೆಂಚಿನಲ್ಲೇ ಕೂತಿದ್ದ. ವೇಲ್ಸ್ ರಾಷ್ಟ್ರೀಯ ತಂಡ ಕೂಡ ಅವನನ್ನು ಹಲವು ಸಲ ಕರೆದು ಬೆಂಚಿನ ಮೇಲೆ ಕೂರಿಸಿ ಕಳಿಸಿತ್ತು. ಒಂದು ನಿಮಿಷ ಆಡಿಸಿರಲಿಲ್ಲ. ಮೂವತ್ತಕ್ಕೆ ಸಿಡ್ನಿಗೆ ಬಂದ. ಅಲ್ಲಿ ನಾಲ್ಕು ವರ್ಷ ಮೊದಲನೇ ಕೀಪರ್, ಆಮೇಲೆ ನಮ್ಮ ಮೆಲ್ಬರ್ನ್ ಕ್ಲಬ್ಬು.

ವೇಲ್ಸ್‌ನವರ ಇಂಗ್ಲಿಷಿಗೆ ಒಂದು ರಾಗವಿದೆ. ಮಾತಿನ ಕೊನೆಗೆ ದನಿ ಮೇಲಕ್ಕೆ ಹೋಗಿ ನಿಧಾನಕ್ಕೆ ಇಳಿಯುತ್ತದೆ, ನಮ್ಮ ಕಡೆಯವರ ಮಾತಿನ ಹಾಗೆಯೇ. ಅವನ ಮಾತು ನನ್ನ ಕಿವಿಗೆ ಹುಬ್ಬಳ್ಳಿ ಕನ್ನಡವಾಗಿಯೇ ಬೀಳುತ್ತಿತ್ತು. ಈಗ ನೆನಪಾಗುವುದೂ ಹಾಗೆಯೇ, ಆದ್ದರಿಂದ ಹಾಗೇ ಬರೆಯುತ್ತೇನೆ. ನಾನು ಡಾಕ್ಟರಲ್ಲ ಎಂದು ಎಷ್ಟು ಹೇಳಿದರೂ ಅವನು ನನ್ನನ್ನು 'ಡಾಕ್' ಎಂದೇ ಕರೆಯುತ್ತಿದ್ದ.

"ಎರಡನೇ ಕೀಪರ್ ಅಂದ್ರ ಏನ್ ಗೊತ್ತೇನ್ ಡಾಕ್?" ಎಂದು ಒಮ್ಮೆ ಮಸಾಜ್ ಟೇಬಲ್ ಮೇಲೆ ಬೋರಲು ಮಲಗಿ ಹೇಳಿದ್ದ. "ಮೊದಲನೇ ಕೀಪರ್‌ನ ಕಾಲು ಮುರೀಲಿ ಅಂತ ದೇವರಿಗೆ ಬೇಡ್ಕೊಳ್ಳೂದು. ಮುರದ್ರ, ಹಣ್ಣು ತಗೊಂಡು ಅವನ ಮನಿಗೆ ಹೋಗೂದು."

ಈಗ ಜುಲೈ ಪರೀಕ್ಷೆಯ ವಿಷಯ ಹೇಳಬೇಕು. ಪ್ರತಿ ವರ್ಷ ಸೀಸನ್ ಶುರುವಾಗುವ ಮೊದಲು ಎಲ್ಲ ಆಟಗಾರರನ್ನೂ ಒಬ್ಬೊಬ್ಬರಾಗಿ ಕಂಪ್ಯೂಟರ್ ಮುಂದೆ ಕೂರಿಸುತ್ತೇವೆ. ಹತ್ತು ಪದ ತೋರಿಸಿ, ಸ್ವಲ್ಪ ಹೊತ್ತು ಬಿಟ್ಟು ಯಾವುವು ನೆನಪಿವೆ ಎಂದು ಕೇಳುತ್ತೇವೆ. ಬಣ್ಣ ಬದಲಾದ ತಕ್ಷಣ ಗುಂಡಿ ಒತ್ತಬೇಕು, ಅಂಕಿಗಳನ್ನು ಹಿಂದಿನಿಂದ ಮುಂದಕ್ಕೆ ಹೇಳಬೇಕು. ಬಂದ ಅಂಕ ದಾಖಲಾಗುತ್ತದೆ. ಸೀಸನ್ ನಡುವೆ ಯಾರಿಗಾದರೂ ತಲೆಗೆ ಪೆಟ್ಟು ಬಿದ್ದರೆ ಅದೇ ಪರೀಕ್ಷೆ ಮತ್ತೊಮ್ಮೆ. ಜುಲೈನಷ್ಟೇ ಅಂಕ ಬಂದರೆ ತಲೆ ಸರಿಯಾಗಿದೆ, ಆಡಬಹುದು. ಕಡಿಮೆ ಬಂದರೆ ಮನೆಯಲ್ಲಿರು.

ಆಟಗಾರರೇನು ದಡ್ಡರೇ? ಜುಲೈನಲ್ಲಿ ಬೇಕೆಂದೇ ಕೆಟ್ಟದಾಗಿ ಮಾಡಿಟ್ಟರೆ, ಆಮೇಲೆ ಪೆಟ್ಟು ಬಿದ್ದಾಗಲೂ ಅಂಕ ಕಡಿಮೆಯಾದಂತೆ ಕಾಣುವುದಿಲ್ಲ, ಪಂದ್ಯ ತಪ್ಪುವುದಿಲ್ಲ. ಡ್ರೆಸಿಂಗ್ ರೂಮಿನಲ್ಲಿ ಹಳಬರು ಹೊಸಬರಿಗೆ ಹೇಳಿಕೊಡುವ ಮೊದಲ ವಿದ್ಯೆಯೇ ಇದು. ಅವರು ಹಾಗೆ ಮಾಡುವುದು ನನಗೆ ಗೊತ್ತಿತ್ತು, ನನಗೆ ಗೊತ್ತಿರುವುದು ಅವರಿಗೂ ಗೊತ್ತಿತ್ತು. ತೀರಾ ಅತಿ ಮಾಡಿದವರನ್ನು ಬೈದು ಇನ್ನೊಮ್ಮೆ ಕೂರಿಸುತ್ತಿದ್ದೆ. ಉಳಿದವರನ್ನು ನೋಡಿಯೂ ನೋಡದಂತೆ ಬಿಡುತ್ತಿದ್ದೆ.

ಆ ಜುಲೈನಲ್ಲಿ ಕೀಪರ್‌ಗೆ ಹತ್ತರಲ್ಲಿ ಮೂರು ಪದ ನೆನಪಿದ್ದವು. ಹಿಂದಿನ ಎರಡು ಜುಲೈಗಳಲ್ಲೂ ನಾಲ್ಕರ ಮೇಲೆ ಹೋಗಿರಲಿಲ್ಲ, ಆಗಲೂ ನಾಟಕವೆಂದೇ ಬಿಟ್ಟಿದ್ದೆ. ನನಗೆ ನಗು ಬಂತು. ಹತ್ತು ವರ್ಷದ ಹಿಂದೆ ಯಾರು ಯಾವ ಊರಿನಲ್ಲಿ ಪೆನಾಲ್ಟಿಯನ್ನು ಯಾವ ಮೂಲೆಗೆ ಹೊಡೆದ ಎಂದು ಪಟಪಟನೆ ಹೇಳುವ ಮನುಷ್ಯ ಇವನು. ಇವನಿಗೆ ಮೂರು ಪದವಂತೆ! ಅವನು ಹೊರಬಂದು ನನ್ನ ಮುಖ ನೋಡಿದ, ಆಮೇಲೆ ಕಣ್ಣು ಹೊಡೆದ.

"ಭಾಳ ಕೆಟ್ಟ ಮಾಡೀನೇನು?"

"ನಿನ್ನ ನಾಟಕಾ ಸಾಕು, ಹೋಗು" ಎಂದೆ.

"ಮತ್ತೊಮ್ಮಿ ಕೂಡ್ರಸ್ತೀಯೇನು?"

ಕೂರಿಸಬೇಕಿತ್ತು. ನಿಯಮ ಇರುವುದೇ ಹಾಗೆ. ಆದರೆ ಹೊರಗೆ ಇನ್ನೂ ಏಳು ಜನ ಕಾಯುತ್ತಿದ್ದರು. ಇವನು ತಂಡದ ಹಿರಿಯ, ಕಾಂಟ್ರಾಕ್ಟಿನ ಕೊನೆಯ ವರ್ಷದಲ್ಲಿದ್ದವನು. ನನ್ನ ಕಾಂಟ್ರಾಕ್ಟೂ ವರ್ಷವರ್ಷದ್ದೇ. ಹಿರಿಯ ಆಟಗಾರನ ಮೇಲೆ ಕಳ್ಳಾಟದ ಆರೋಪ ಹೊರಿಸಿದ ಫಿಸಿಯೋ ಎನಿಸಿಕೊಳ್ಳಲು ಹೆದರಿದೆ. ನಗುತ್ತಲೇ ಅಂಕವನ್ನು ಸೇವ್ ಮಾಡಿದೆ.

ಪೆಟ್ಟು ಬಿದ್ದದ್ದು ಸಿಡ್ನಿಯಲ್ಲಿ, ಅವನ ಹಳೆಯ ಕ್ಲಬ್ಬಿನ ಮೈದಾನದಲ್ಲೇ. ಶನಿವಾರ ಮಧ್ಯಾಹ್ನ, ಬಿಸಿಲು ನೇರ ಅವನ ಕಣ್ಣಿಗೆ ಹೊಡೆಯುತ್ತಿತ್ತು. ನಮ್ಮ ಕ್ಲಬ್ಬಿನ ಡಾಕ್ಟರು ಆ ಸಲ ಬಂದಿರಲಿಲ್ಲ. ಮೊದಲರ್ಧ ಮುಗಿಯಲು ನಾಲ್ಕು ನಿಮಿಷ ಇರುವಾಗ ಬದಿಯಿಂದ ಎತ್ತರದ ಚೆಂಡು ಬಂತು. ಅವನು ಹಿಡಿಯಲು ಹಾರಿದ. ಎದುರಿನವನ ಮೊಣಕಾಲು ಅವನ ಕಿವಿಯ ಮೇಲ್ಭಾಗಕ್ಕೆ ಬಡಿಯಿತು. ತೆಂಗಿನಕಾಯಿ ಕಲ್ಲಿಗೆ ತಾಗಿದಂಥ ಸದ್ದು ಬೆಂಚಿನವರೆಗೂ ಕೇಳಿಸಿತು.

ಓಡಿದೆ. ಇವನು ಏಳುವುದಿಲ್ಲ, ಏಳುವುದಿಲ್ಲ ಎಂದುಕೊಂಡೇ ಓಡಿದೆ. ತಲುಪುವಷ್ಟರಲ್ಲಿ ಅವನು ಗೋಲ್ ಕಂಬಕ್ಕೆ ಒರಗಿ ಕೂತು, ತನ್ನ ಬಾಟಲಿಯನ್ನು ಕೈಗೆ ತೆಗೆದುಕೊಂಡಿದ್ದ. ಕೀಪರ್‌ಗಳು ನೀರಿನ ಬಾಟಲಿಗೆ ಬಿಳಿ ಟೇಪ್ ಸುತ್ತಿ, ಎದುರಾಳಿಗಳಲ್ಲಿ ಯಾರು ಪೆನಾಲ್ಟಿ ಎತ್ತ ಹೊಡೆಯುತ್ತಾರೆ ಎಂದು ಅದರ ಮೇಲೆ ಬರೆದಿಟ್ಟುಕೊಳ್ಳುತ್ತಾರೆ. ಅವನು ಒಂದು ಗುಟುಕು ಕುಡಿದು, ಬಾಟಲಿಯನ್ನು ತಿರುಗಿಸಿ ನೋಡಿ, ಕೆಳಗಿಟ್ಟ.

ತಲೆಗೆ ಪೆಟ್ಟು ಬಿದ್ದವನಿಗೆ ನಾವು ಕೇಳುವ ಪ್ರಶ್ನೆಗಳು ಐದು. ಇದು ಯಾವ ಮೈದಾನ, ಎಷ್ಟನೇ ಅರ್ಧ, ಕೊನೆಯ ಗೋಲು ಯಾರದು, ಹೋದ ವಾರ ಯಾರ ಜೊತೆ ಆಡಿದೆವು, ಗೆದ್ದೆವೋ ಸೋತೆವೋ. ನಾನು ಮೂರನೆಯದನ್ನು ಕೇಳುತ್ತಿದ್ದಾಗಲೇ ಅವನು ನಾಲ್ಕನೆಯದಕ್ಕೂ ಐದನೆಯದಕ್ಕೂ ಉತ್ತರ ಹೇಳಿ ಮುಗಿಸಿದ. ಎಲ್ಲವೂ ಸರಿ. ಕಣ್ಣಿನ ಪಾಪೆ ಸರಿ, ಕತ್ತು ಸರಿ. ರೆಫರಿ ಗಡಿಯಾರ ನೋಡುತ್ತಿದ್ದ. ಕೀಪರ್ ಎದ್ದು ನಿಂತು ನನ್ನ ಬೆನ್ನು ತಟ್ಟಿ "ಹೋಗು ಡಾಕ್" ಎಂದ. ನಾನು ಹೋದೆ.

ಆ ನಾಲ್ಕು ನಿಮಿಷ ಚೆಂಡು ಅವನ ಕಡೆ ಹೋದಾಗಲೆಲ್ಲ ಕಣ್ಣು ಮುಚ್ಚುತ್ತಿದ್ದೆ. ಏನೂ ಆಗಲಿಲ್ಲ. ರೆಫರಿ ಸೀಟಿ ಊದಿದ, ಎಲ್ಲರೂ ಒಳಗೆ ಹೊರಟೆವು. ಆ ಮೈದಾನದಲ್ಲಿ ಒಳಗೆ ಹೋದ ಮೇಲೆ ದಾರಿ ಕವಲಾಗುತ್ತದೆ. ಎಡಕ್ಕೆ ಸಿಡ್ನಿಯವರ ಕೋಣೆ, ಬಲಕ್ಕೆ ಹೊರಗಿನಿಂದ ಬಂದ ತಂಡದ್ದು. ನಮ್ಮ ಕೀಪರ್ ಎಡಕ್ಕೆ ತಿರುಗಿದ. ಸೀದಾ ಅವರ ಕೋಣೆಗೆ ಹೋಗಿ, ನಾಲ್ಕು ವರ್ಷ ತಾನು ಕೂರುತ್ತಿದ್ದ ಜಾಗದಲ್ಲಿ ಕೂತು ಗ್ಲೌಸ್ ಬಿಚ್ಚತೊಡಗಿದ.

ಇಡೀ ಕೋಣೆ ನಕ್ಕಿತು. ಹಳೆಯ ಗೆಳೆಯನೊಬ್ಬ ಬಂದು ಅವನನ್ನು ತಬ್ಬಿಕೊಂಡ. ಅಭ್ಯಾಸಬಲ, ಮನೆಗೆ ಬಂದ ಮಗ ಎಂದೆಲ್ಲ ತಮಾಷೆ. ಅವನೂ ನಕ್ಕ. ಆದರೆ ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಮೊದಲು ಅವನು ಸುತ್ತಲಿನವರ ಮುಖ ನೋಡಿದ್ದ, ಅವರೆಲ್ಲ ನಗುವುದು ಕಂಡ ಮೇಲೆ ನಕ್ಕಿದ್ದ. ನಾನು ಕೋಚ್ ಹತ್ತಿರ ಹೋಗಿ, ಇವನು ಎರಡನೇ ಅರ್ಧ ಆಡುವುದಿಲ್ಲ ಎಂದೆ. ಕೋಚ್ ಕೂಗಾಡಿದ. ಜೀವಮಾನದಲ್ಲಿ ಮೊದಲ ಸಲ ನಾನು ಕೂಗಾಟಕ್ಕೆ ಬಗ್ಗಲಿಲ್ಲ. ಧೈರ್ಯದಿಂದಲ್ಲ, ಅದಕ್ಕಿಂತ ದೊಡ್ಡ ಭಯ ಹಿಡಿದಿದ್ದರಿಂದ.

ಪಂದ್ಯ ಮುಗಿದು ಸಾಮಾನು ತುಂಬುವಾಗ ಅವನ ಬಾಟಲಿ ಕೈಗೆ ಸಿಕ್ಕಿತು. ಟೇಪಿನ ಮೇಲೆ ಪೆನಾಲ್ಟಿ ಹೊಡೆಯುವವರ ಪಟ್ಟಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಆ ದಿನದ ಮೈದಾನದ ಹೆಸರು, ಹಿಂದಿನ ವಾರದ ಎದುರಾಳಿ, ಎಷ್ಟಕ್ಕೆ ಎಷ್ಟು. ನನ್ನ ಐದು ಪ್ರಶ್ನೆಗಳಲ್ಲಿ ಮೂರಕ್ಕೆ ಉತ್ತರ! ಎಂಥ ಖದೀಮ ಇವನು ಎಂದು ಮೈಯೆಲ್ಲ ಉರಿಯಿತು.

ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. ತಲೆನೋವು ನಾಲ್ಕು ದಿನಕ್ಕೆ ಹೋಯಿತು. ಆದರೂ ನಿಯಮದಂತೆ ಅವನನ್ನು ಹೊರಗಿಟ್ಟೆವು. ಆ ನಡುವೆ ವೇಲ್ಸ್‌ನಿಂದ ಫೋನ್ ಬಂತು. ರಾಷ್ಟ್ರೀಯ ತಂಡದ ಇಬ್ಬರು ಕೀಪರ್‌ಗಳು ಗಾಯಗೊಂಡಿದ್ದರು. ಇವನು ಬರುವ ಶನಿವಾರ ಕ್ಲಬ್ಬಿಗೆ ಆಡಿ ತಾನು ಗಟ್ಟಿಯಾಗಿದ್ದೇನೆಂದು ತೋರಿಸಿದರೆ ಸಾಕು, ಸ್ನೇಹಪಂದ್ಯವೊಂದರಲ್ಲಿ ಅರ್ಧ ಹೊತ್ತಾದರೂ ಆಡಿಸುತ್ತೇವೆ ಎಂದರಂತೆ. ಅದನ್ನು ಹೇಳಲು ಅವನು ನೇರ ನನ್ನ ಹತ್ತಿರ ಬಂದ. "ಬೆಂಚ್ ಮ್ಯಾಲೆ ಅಲ್ಲ ಡಾಕ್, ಮೈದಾನದಾಗ" ಎಂದ, ಎರಡು ಸಲ.

ಸೋಮವಾರ ಅವನು ಮತ್ತೆ ಪರೀಕ್ಷೆಗೆ ಕೂತ. ಅಂಕ ಜುಲೈನಷ್ಟೇ ಬಂತು. ನಮ್ಮ ಕ್ಲಬ್ಬಿನ ಡಾಕ್ಟರು ಬಾಕ್ಸ್ ಹಿಲ್‌ನಲ್ಲಿ ಸ್ವಂತ ಕ್ಲಿನಿಕ್ ಇಟ್ಟುಕೊಂಡಿರುವ ಹಿರಿಯ ಹೆಂಗಸು. ಅವರು ಫೋನ್ ಮಾಡಿ, ಎಲ್ಲ ಸರಿಯಾಗಿದೆಯಲ್ಲ, ನೀನೊಂದು ಸಹಿ ಹಾಕಿ ಕಳಿಸು, ಶನಿವಾರ ಆಡಲಿ ಎಂದರು. ನಾಳೆ ಕಳಿಸುತ್ತೇನೆ ಎಂದೆ.

ಮನೆಗೆ ಬಂದು ಸೋಫಾದ ಮೇಲೆ ಕೂತವಳು ಬೂಟು ಬಿಚ್ಚಲಿಲ್ಲ. ಯಾರಿಗೂ ಗೊತ್ತಿಲ್ಲದ್ದು ನನಗೊಬ್ಬಳಿಗೇ ಗೊತ್ತಿತ್ತು: ಜುಲೈನ ಅಂಕ ಸುಳ್ಳು, ಆದ್ದರಿಂದ ಈಗಿನದಕ್ಕೆ ಅರ್ಥವಿಲ್ಲ. ಅವನ ತಲೆ ನಿಜಕ್ಕೂ ಹೇಗಿದೆ ಎಂದು ಹೇಳಲು ಯಾವ ದಾಖಲೆಯೂ ಇರಲಿಲ್ಲ. ಮಾಗದ ತಲೆಗೆ ಇನ್ನೊಂದು ಪೆಟ್ಟು ಬಿದ್ದರೆ ಮನುಷ್ಯ ಮೈದಾನದಲ್ಲೇ ಹೋಗಿಬಿಡಬಹುದು. ಬಾಯಿಬಿಟ್ಟರೆ ಅವನ ಜನ್ಮದ ಆಸೆ ಮುಗಿಯಿತು. ಸುಳ್ಳೆಂದು ಗೊತ್ತಿದ್ದೂ ದಾಖಲಿಸಿದ್ದಕ್ಕೆ ನನ್ನ ಫಿಸಿಯೋ ರಿಜಿಸ್ಟ್ರೇಷನ್ ಕೂಡ ಹೋಗಬಹುದು.

"ಯಾಕ್ ಹಿಂಗ ಕುಂತಿ? ಮಾರಿ ಬಿಳಚಿಕೊಂಡೈತಲ್ಲ" ಎಂದರು ನಮ್ಮನೆಯವರು. ಎಲ್ಲ ಹೇಳಿದೆ. ಈ ಸಲ ಅವರು ನಗಲಿಲ್ಲ.

"ಶನಿವಾರ ಆ ಮನಶ್ಯಾ ಆಡೂದನ್ನ ನೀ ನೋಡಬಲ್ಲೇನು?" ಎಂದು ಕೇಳಿದರು.

"ಇಲ್ಲರೀ."

"ಮತ್ತ?"

"ಅಂಜಿಕಿ ಬರ್ತದ."

"ಅದೇನ್ ಹೊಸಾದೇನು? ಅಂಜಕೋತನ ಹೋಗಿ ಹೇಳು" ಎಂದು ನನ್ನ ಬೂಟಿನ ಲೇಸು ತಾವೇ ಬಿಚ್ಚಿದರು.

ಮರುದಿನ ಮೊದಲು ಕೀಪರ್‌ಗೇ ಹೇಳಿದೆ. ಬೆನ್ನ ಹಿಂದೆ ಹೋಗಿ ಹೇಳುವುದು ಸರಿಯಲ್ಲ ಅನ್ನಿಸಿತ್ತು. ಟ್ರೀಟ್‌ಮೆಂಟ್ ರೂಮಿನಲ್ಲಿ ನಾವಿಬ್ಬರೇ ಇದ್ದೆವು. ಜುಲೈದಾಗ ನೀ ನಾಟಕಾ ಆಡಿದ್ದು ನಾ ಡಾಕ್ಟರಿಗೆ ಹೇಳಬೇಕು ಎಂದೆ. ಅವನು ಎದ್ದು ಬಾಗಿಲಿಗೆ ಅಡ್ಡ ನಿಂತ.

"ಅವತ್ತ ನಕ್ಕಿದ್ದಿಯಲ್ಲ? ಅವತ್ತ ಯಾಕ್ ಹೇಳಲಿಲ್ಲ?"

ಅವನ ಕೈಗಳನ್ನು ನೋಡಿದೆ, ಒಂದೊಂದೂ ಮೊರದಷ್ಟಗಲ. ಮೂರು ವರ್ಷದಲ್ಲಿ ಮೊದಲ ಸಲ ಅವನ ಬಗ್ಗೆ ನನಗೆ ದಿಗಿಲಾಯಿತು.

"ಇದೊಂದ ವಾರ, ಡಾಕ್. ಇದೊಂದ ಮ್ಯಾಚು. ಆಮ್ಯಾಲೆ ಏನರ ಹೇಳ್ಕೋ."

"ಇದೊಂದ ಮ್ಯಾಚಿನ್ಯಾಗ ನೀ ಸತ್ರ?"

ಅವನು ಬಾಗಿಲು ಬಿಟ್ಟು ಸರಿದು ನಿಂತ. ನಾನು ಕಾರಿನವರೆಗೆ ಹೆಚ್ಚುಕಡಿಮೆ ಓಡಿದೆ.

ಬಾಕ್ಸ್ ಹಿಲ್‌ನಲ್ಲಿ ಡಾಕ್ಟರು ನನ್ನ ಮಾತನ್ನು ಪೂರ್ತಿ ಕೇಳಿದರು. "ನಿನ್ನ ವಿಷಯ ಆಮೇಲೆ. ನಾಳೆ ಬೆಳಗ್ಗೆ ಅವನನ್ನು ಕರೆದುಕೊಂಡು ಬಾ. ಹೊಸದಾಗಿ ಟೆಸ್ಟ್ ಮಾಡೋಣ" ಎಂದರು.

ಬುಧವಾರ ಬೆಳಗ್ಗೆ ಅವನು ಬಂದ. ಡಾಕ್ಟರು ಅವನಿಗೆ ಸ್ಪಷ್ಟವಾಗಿ ಹೇಳಿದರು: "ಹಳೆಯದನ್ನು ಮರೆತುಬಿಡೋಣ, ಶಿಕ್ಷೆ ಗಿಕ್ಷೆ ಏನಿಲ್ಲ. ಪ್ರಾಮಾಣಿಕವಾಗಿ ಮಾಡು. ಅಂಕ ಚೆನ್ನಾಗಿ ಬಂದರೆ ಶನಿವಾರ ಆಡಿಸುವ ಜವಾಬ್ದಾರಿ ನನ್ನದು." ಅವನು ಕಂಪ್ಯೂಟರ್ ಮುಂದೆ ಕೂತ. ನಾನು ಹಿಂದಿನ ಕುರ್ಚಿಯಲ್ಲಿ ಕೂತೆ. ಪದಗಳು ಬಂದವು, ಹೋದವು. ಅವನ ತುಟಿ ಅಲ್ಲಾಡುತ್ತಿತ್ತು. ಬಣ್ಣ ಬದಲಾಗುತ್ತಿತ್ತು, ಬೆರಳು ತಡವಾಗಿ ಏಳುತ್ತಿತ್ತು. ಏರ್ ಕಂಡಿಷನರ್ ಓಡುತ್ತಿದ್ದ ಕೋಣೆಯಲ್ಲಿ ಅವನ ಕತ್ತಿನ ಹಿಂದೆ ಬೆವರು ಇಳಿಯುವುದು ಕಾಣುತ್ತಿತ್ತು.

ಅಂಕ ಬಂತು. ಜುಲೈನಷ್ಟೇ. ಪದಗಳು ಮತ್ತೆ ಮೂರು.

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇಷ್ಟು ಹೇಳಿದ ಮೇಲೂ ನಾಟಕ ಆಡ್ತೀಯಲ್ಲ" ಎಂದರು.

ಅವನು ಅವರ ಕಡೆ ನೋಡಲಿಲ್ಲ, ನನ್ನ ಕಡೆ ತಿರುಗಿದ. "ನಾಟಕಾ ಅಲ್ಲ, ಡಾಕ್. ಜುಲೈದಾಗೂ ನಾಟಕಾ ಇರಲಿಲ್ಲ. ನನ್ನ ಕಡೆ ಇದ್ದದ್ದ ಇಷ್ಟು."

ಅವನೇ ಮುಂದುವರಿಸಿದ, ಸಂಕೋಚಪಟ್ಟುಕೊಂಡು. ಸಿಡ್ನಿಯ ಮೂರನೇ ವರ್ಷದಿಂದಲೇ ಹೀಗಂತೆ. ಹಳೆಯದೆಲ್ಲ ಗಟ್ಟಿಯಾಗಿ ನೆನಪಿದೆ, ನಿನ್ನೆ ಮೊನ್ನೆಯದು ನಿಲ್ಲುವುದಿಲ್ಲ. ಎಷ್ಟು ಸಲ ತಲೆಗೆ ಪೆಟ್ಟು ಬಿತ್ತೆಂದು ಲೆಕ್ಕವಿಲ್ಲ, ಎದ್ದು ನಿಂತರೆ ಆಯಿತು ಎಂದುಕೊಂಡಿದ್ದ. ಬಾಟಲಿಯ ಮೇಲೆ ಬರೆದುಕೊಂಡದ್ದು ನನಗೆ ಮೋಸ ಮಾಡಲಿಕ್ಕಲ್ಲ, ಹೋದ ವಾರ ಯಾರ ಮೇಲೆ ಆಡಿದ್ದು ಎಂದು ಜೊತೆಯವರು ಮಾತು ತೆಗೆದರೆ ಅವನಿಗೆ ಬೇಕಾಗುತ್ತಿತ್ತು.

"ಪರೀಕ್ಷಾದಾಗ ಕೆಟ್ಟ ಅಂಕ ಬಂದ್ರ ಏನ್ ಮಾಡೂದಂತ ಭಾಳ ಅಂಜಿದ್ದೆ" ಎಂದ. "ಕಣ್ಣು ಹೊಡದೆ. ನೀ ನಕ್ಕಿ. ಕಳ್ಳ ಅನಿಸ್ಕೊಂಡ್ರ ಆಟ ಉಳೀತದಲ್ಲ, ಅದಕ್ಕ."

ಆ ಕ್ಷಣ ನನಗಾದದ್ದನ್ನು ಭಯ ಎಂದು ಕರೆಯಲಾರೆ. ಭಯ ಮುಂದೆ ಆಗುವುದಕ್ಕೆ. ಇದು ಆಗಿಹೋಗಿತ್ತು, ನನ್ನ ಕಣ್ಣೆದುರೇ. ಮೂರು ವರ್ಷ ಅವನ ತಲೆಯನ್ನೇ ನೋಡುತ್ತ ಕೂತಿದ್ದೆನಲ್ಲ, ನೋಡಿದ್ದೇನು? ನನಗೆ ಅಳು ಬಂತು. ಅವನೇ ಟಿಶ್ಯೂ ಡಬ್ಬಿಯನ್ನು ನನ್ನ ಕಡೆ ಸರಿಸಿದ.

ಇನ್ನು ಕಾರು ಓಡಿಸಬೇಡ ಎಂದು ಡಾಕ್ಟರು ಅವನಿಗೆ ಹೇಳಿದ್ದರಿಂದ ಗ್ಲೆನ್ ವೇವರ್ಲಿಯ ಅವನ ಮನೆಗೆ ನಾನೇ ಬಿಟ್ಟೆ. ದಾರಿಯಲ್ಲಿ ಅವನು ವೇಲ್ಸ್‌ಗೆ ಫೋನ್ ಮಾಡಿ, ಭುಜದ ನೋವು, ಬರಲಾಗುವುದಿಲ್ಲ, ಕ್ಷಮಿಸಿ ಎಂದ. ಅಲ್ಲಿ ಆಗ ಯಾವ ಹೊತ್ತೋ, ಆ ಕಡೆಯವರು ಹೆಚ್ಚು ಮಾತಾಡಲಿಲ್ಲ. ಅವನು ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತ ಕೂತ. "ನನ್ನ ಹೆಂಡತಿಗೆ ನೀನ ಹೇಳ್ತೀಯೇನು? ನಾ ಹೇಳಾಕ ಹೋದ್ರ ನಡುವ ಎಲ್ಲೆರ ತಪ್ಪತೀನಿ" ಎಂದು ಕೇಳಿದ. ಹೇಳುತ್ತೇನೆ ಎಂದೆ.

ಅವನ ಹೆಂಡತಿಯೂ ವೇಲ್ಸ್‌ನವಳೇ, ಅದೇ ರಾಗದ ಮಾತು. ಅಡುಗೆಮನೆಯ ಮೇಜಿನ ಮುಂದೆ ನನ್ನನ್ನು ಕೂರಿಸಿದಳು. ಅವನು ಹಿತ್ತಲಿಗೆ ಹೋದ. ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ. ಅವಳು ಅಳಲಿಲ್ಲ, ಬೆಚ್ಚಲೂ ಇಲ್ಲ.

"ಎರಡ ವರ್ಷದಿಂದ ನನಗ ಅನಸಾಕತ್ತಿತ್ತು" ಎಂದಳು. "ಕೇಳಿದ್ದನ್ನ ಮೂರ್ ಮೂರ್ ಸಲ ಕೇಳ್ತಾರ. ಮಗಳನ್ನ ಕರಕೊಂಡು ಬರಾಕ ಹೋಗಿ ಹಳೀ ಸಾಲಿ ಮುಂದ ನಿಂತಿರ್ತಾರ. ನಾ ಅಂಜಿ ಅತ್ತಾಗೆಲ್ಲ ಅವರದ ಒಂದ ಮಾತು: ಕ್ಲಬ್ಬಿನ್ಯಾಗ ವರ್ಷಾ ತಲಿ ಪರೀಕ್ಷಾ ಮಾಡ್ತಾರ, ಏನರ ಇದ್ರ ಅವರ ಹಿಡೀತಿದ್ರು ಅಂತ. ಹೌದಲ್ಲ, ದೊಡ್ಡ ಕ್ಲಬ್ಬು, ಅವರಿಗೆ ಗೊತ್ತಿರ್ತದ ಅಂತ ನಾನೂ ಸುಮ್ಮನಾಗ್ತಿದ್ದೆ." ಅವಳು ನನ್ನ ಕಡೆ ತಿರುಗಿದಳು. "ಆ ಪರೀಕ್ಷಾ ಯಾರ್ ಮಾಡ್ತಾರ್ರೀ?"

"ನಾನು" ಎಂದೆ.

"ಹಂಗಾರ ನಿಮಗ ಗೊತ್ತಾಗಲಿಲ್ಲೇನು?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದ್ದಳು. ಇಲ್ಲ, ಗೊತ್ತಾಗಲಿಲ್ಲ ಎಂದೆ. ಸುಳ್ಳೇನಲ್ಲ. ಆದರೆ ಗೊತ್ತು ಮಾಡಿಕೊಳ್ಳಲೆಂದೇ ಕ್ಲಬ್ಬಿನವರು ನನ್ನನ್ನು ಅಲ್ಲಿ ಇಟ್ಟುಕೊಂಡಿದ್ದರು.